ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಸೋಲಾರ್ ವಾಟರ್ ಹೀಟರ್: ಹಲವು ಚಳಿಗಾಲಗಳ ಬಳಕೆಯ ನಂತರ

ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ 200 ಲೀಟರಿನ, ಗಾಜಿನ ಟ್ಯೂಬುಗಳ ಸೋಲಾರ್ ವಾಟರ್ ಹೀಟರ್ ಹಾಕಿಸಿದಾಗ ಮಗಳಿಗೆ ಶಾಲೆಯ ವಯಸ್ಸೂ ಆಗಿರಲಿಲ್ಲ. ಈಗ ಅವಳು ನಾಲ್ಕನೆಯ ತರಗತಿಯಲ್ಲಿದ್ದಾಳೆ, ತಮ್ಮ ಒಂದನೆಯ ತರಗತಿಯಲ್ಲಿದ್ದಾನೆ. ಇಂಥ ಹೀಟರುಗಳ ಬಗ್ಗೆ ಓದಲು ಸಿಗುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ಕೊಂಡ ಹೊಸತರಲ್ಲಿ, ಅದೂ ಒಳ್ಳೆಯ ಬಿಸಿಲಿನ ತಿಂಗಳುಗಳಲ್ಲಿ ಬರೆದವು. ಏಪ್ರಿಲ್‌ನಲ್ಲಿ ನೀರು ಕಾಯಿಸುವುದು ಯಾವ ಹೀಟರಿಗೂ ದೊಡ್ಡ ಕೆಲಸವಲ್ಲ. ಬೆಳಿಗ್ಗೆ ಏಳೂವರೆಗೆ ಶಾಲೆಯ ವ್ಯಾನ್ ಬರುವ ಮನೆಯವರು ತಿಳಿಯಬೇಕಾದದ್ದು ನವೆಂಬರ್‌ನಿಂದ ಜನವರಿಯವರೆಗೆ ಅದು ಹೇಗೆ ನಡೆಯುತ್ತದೆ ಎಂಬುದನ್ನು.

ಇದಕ್ಕೂ ಮೊದಲು ನಾವು ಬಕೆಟ್‌ಗೆ ಹೀಟರ್ ರಾಡ್ ಹಾಕಿ ನೀರು ಕಾಯಿಸುತ್ತಿದ್ದೆವು. ಚಿಕ್ಕ ಮಕ್ಕಳು ಓಡಾಡುವ ಬಚ್ಚಲಿನಲ್ಲಿ ವಿದ್ಯುತ್ ಹರಿಯುವ ರಾಡನ್ನು ನೀರಿನಲ್ಲಿ ಇಳಿಬಿಡುವುದು ಎಷ್ಟು ಎಚ್ಚರಿಕೆ ವಹಿಸಿದರೂ ಅಪಾಯವೇ. ಗ್ಯಾಸ್ ಗೀಸರ್ ಅಗ್ಗವಾಗಿ ಸಿಗುತ್ತದೆ ಎಂದು ಹಲವರು ಸೂಚಿಸಿದರು. ಆದರೆ ಗಾಳಿಯಾಡದ ಬಚ್ಚಲಿನೊಳಗೆ ಅದನ್ನು ಹಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳಬಹುದು. ಚಳಿಗೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೊಳ್ಳುವ ದಿನಗಳಲ್ಲೇ ಈ ಭಯ ಹೆಚ್ಚು. ಸೋಲಾರ್ ಆರಿಸಿಕೊಳ್ಳಲು ನಮಗೆ ಕರೆಂಟಿನ ಉಳಿತಾಯಕ್ಕಿಂತ ಈ ಸುರಕ್ಷತೆಯೇ ಮುಖ್ಯವಾಯಿತು.

ಮೊದಲು ಮೆಚ್ಚುಗೆಯ ಮಾತು. ಪ್ರತಿ ಟ್ಯೂಬಿನಲ್ಲೂ ಗಾಜಿನ ಎರಡು ಪದರಗಳಿದ್ದು, ನಡುವಿನ ಗಾಳಿಯನ್ನು ಹೊರತೆಗೆದಿರುತ್ತಾರೆ. ಕಾಫಿ ಇಡುವ ಫ್ಲಾಸ್ಕಿನ ಹಾಗೆ ಅದು ಒಳಗಿನ ಶಾಖವನ್ನು ಹೊರಗೆ ಬಿಡುವುದಿಲ್ಲ. ಕಾದ ನೀರು ಹಗುರವಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ, ಆದ್ದರಿಂದ ಪಂಪ್ ಬೇಕಾಗುವುದಿಲ್ಲ. ಹೀಗಾಗಿ ಹೊರಗೆ ಚಳಿಗಾಳಿ ಬೀಸುತ್ತಿದ್ದರೂ ಆಕಾಶ ತಿಳಿಯಾಗಿರುವ ಡಿಸೆಂಬರ್ ದಿನ ಸಂಜೆ ನಾಲ್ಕರ ಹೊತ್ತಿಗೆ ಟ್ಯಾಂಕ್ ಪೂರ್ತಿ ಬಿಸಿಯಾಗಿರುತ್ತದೆ, ಮರುದಿನ ಬೆಳಗ್ಗೆಯೂ ತಣ್ಣೀರು ಬೆರೆಸಿಕೊಳ್ಳುವಷ್ಟು ಶಾಖ ಉಳಿದಿರುತ್ತದೆ.

ಇಲ್ಲಿ ಕೊಳ್ಳುವ ಮುನ್ನ ಯಾರೂ ಬಿಡಿಸಿ ಹೇಳದ ಸಂಗತಿಯೊಂದಿದೆ. ಬಿಸಿನೀರನ್ನು ಎಷ್ಟು ತೆಗೆಯುತ್ತೇವೆಯೋ ಅಷ್ಟೇ ತಣ್ಣೀರು ಓವರ್‌ಹೆಡ್ ಟ್ಯಾಂಕಿನಿಂದ ಹೀಟರಿನ ತಳಕ್ಕೆ ಬಂದು ಸೇರುತ್ತದೆ. ಬೆಳಗ್ಗೆ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ, ಬಟ್ಟೆಗೂ ಪಾತ್ರೆಗೂ ಅದೇ ನೀರನ್ನು ಬಳಸಿದರೆ, ಕೊನೆಯವರ ಪಾಲಿಗೆ ಉಗುರುಬೆಚ್ಚಗಿನ ನೀರೇ ಗತಿ. ಮನೆಯಲ್ಲಿ ಆ ಕೊನೆಯವರು ಬಹುತೇಕ ಏಳಲು ತಡಮಾಡುವ ಮಗುವೇ ಆಗಿರುತ್ತದೆ. ಹಾಗಾಗಿ ನಾವು ಚಳಿಗಾಲದಲ್ಲಿ ಮಕ್ಕಳ ಸ್ನಾನವನ್ನು ಸಂಜೆಗೆ ಬದಲಾಯಿಸಿದೆವು. ಶಾಲೆಯಿಂದ ಬಂದು, ಬಯಲಿನಲ್ಲಿ ಆಡಿ, ಮೈತುಂಬ ಮಣ್ಣು ಮೆತ್ತಿಕೊಂಡು ಬರುವ ಹೊತ್ತಿಗೆ ನೀರು ಇಡೀ ದಿನದಲ್ಲೇ ಹೆಚ್ಚು ಬಿಸಿಯಾಗಿರುತ್ತದೆ, ಬೆಳಗಿನ ಪಾಲು ದೊಡ್ಡವರಿಗೆ ಉಳಿಯುತ್ತದೆ. ನಮ್ಮ ಅತ್ತೆಯವರಿಗೆ ಇದು ಮೊದಲು ಒಪ್ಪಿಗೆಯಾಗಲಿಲ್ಲ. ಮಕ್ಕಳು ಸ್ನಾನ ಮಾಡದೆ ಶಾಲೆಗೆ ಹೋಗುವುದು ಅವರಿಗೆ ಸರಿಕಾಣಲಿಲ್ಲ. ಬೆಳಗ್ಗೆ ಬೆಚ್ಚನೆಯ ನೀರಿನಲ್ಲಿ ಕೈಕಾಲು ಮುಖ ತೊಳೆಸುವುದೆಂದು ಮಾತಾಯಿತು, ಅದೇ ಪದ್ಧತಿಯಾಗಿ ಉಳಿಯಿತು. ಬೆಳಗಿನ ಆತುರ ಕಡಿಮೆಯಾಗಿ ಮಕ್ಕಳು ಕುಳಿತು ತಿಂಡಿ ತಿನ್ನುವಂತಾಗಿದೆ. ನನ್ನ ಮಟ್ಟಿಗೆ ಹೀಟರ್ ತಂದ ದೊಡ್ಡ ಅನುಕೂಲ ಇದೇ.

ಇನ್ನು ಮೋಡದ ದಿನಗಳು. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದರ ಮೋಡ ನಮ್ಮ ಕಡೆಗೂ ಬರುತ್ತದೆ. ದಿನಗಟ್ಟಲೆ ಜಿಟಿಜಿಟಿ ಹನಿಯುವ ಆ ಹೊತ್ತಿನಲ್ಲಿ ಒಂದು ದಿನ ಹೀಟರ್ ಹಳೆಯ ಶಾಖದಲ್ಲಿ ನಿಭಾಯಿಸುತ್ತದೆ, ಎರಡನೆಯ ದಿನ ಕೈಚೆಲ್ಲುತ್ತದೆ. ದೀಪಾವಳಿಯೂ ಕೆಲವು ವರ್ಷ ಇಂಥ ಹವೆಯಲ್ಲೇ ಬರುತ್ತದೆ. ನೀರು ತುಂಬುವ ಹಬ್ಬದಂದು ಹಂಡೆ ತೊಳೆದು ಪೂಜಿಸಿ, ನರಕ ಚತುರ್ದಶಿಯ ನಸುಕಿನಲ್ಲಿ ಮಕ್ಕಳಿಗೆ ಎಣ್ಣೆ ಹಚ್ಚಿ ಕೂರಿಸಿದ ಮೇಲೆ ನೀರು ಬಿಸಿಯಿಲ್ಲ ಎನ್ನುವಂತಿಲ್ಲ. ಆದ್ದರಿಂದ ಟ್ಯಾಂಕಿನೊಳಗೆ 2 ಕಿಲೋವ್ಯಾಟ್ ಬ್ಯಾಕಪ್ ಕಾಯಿಲ್ ಇರುವ ಮಾದರಿಯನ್ನೇ ಕೊಳ್ಳಿರಿ ಎಂದು ಒತ್ತಿ ಹೇಳುತ್ತೇನೆ. ಲೆಕ್ಕ ಸರಳವಾಗಿದೆ: 200 ಲೀಟರ್ ನೀರನ್ನು 15 ಡಿಗ್ರಿಯಷ್ಟು ಏರಿಸಲು ಸುಮಾರು ಮೂರೂವರೆ ಯೂನಿಟ್ ವಿದ್ಯುತ್ ಬೇಕು, ಅಂದರೆ ಈ ಕಾಯಿಲ್ ಒಂದೂಮುಕ್ಕಾಲು ಗಂಟೆ ಉರಿಯಬೇಕು. ಸ್ವಿಚ್ಚನ್ನು ಹಿಂದಿನ ರಾತ್ರಿ ಹಾಕುವುದಕ್ಕಿಂತ ಬೆಳಗಿನ ಜಾವ ಹಾಕುವುದು ಒಳ್ಳೆಯದು. ಕಾದದ್ದು ಆರುವಷ್ಟರಲ್ಲಿ ಬಳಕೆಗೆ ಬರುತ್ತದೆ.

ಮಕ್ಕಳಿರುವವರು ಬಿಸಿಲಿನ ದಿನಗಳಲ್ಲಿ ಇನ್ನೂ ಜಾಗರೂಕರಾಗಿರಬೇಕು. ಊರಿಗೆ ಹೋಗಿ ಬಂದು ಎರಡು ದಿನ ಬಳಸದೆ ಬಿಟ್ಟ ಟ್ಯಾಂಕಿನ ನೀರು 70 ಡಿಗ್ರಿಯನ್ನೂ ಮೀರಬಹುದು, ಆದರೆ 60 ಡಿಗ್ರಿಯ ನೀರೇ ಮಕ್ಕಳ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೈಯಿಟ್ಟು ನೋಡಿದ ನಂತರವೇ ಚೊಂಬು ಎಂಬ ಕ್ರಮವನ್ನು ಇಬ್ಬರೂ ಬಾಯಿಪಾಠದಂತೆ ಕಲಿತಿದ್ದಾರೆ. ಹಾಗಿದ್ದರೂ ಬಿಸಿನೀರಿನ ನಲ್ಲಿಯನ್ನು ಮಗನಿಗೆ ಇನ್ನೂ ಬಿಟ್ಟುಕೊಟ್ಟಿಲ್ಲ. ಚಳಿಗೆಂದು ಸುಡುಸುಡು ನೀರು ಹೊಯ್ದರೆ ಚರ್ಮ ಒಣಗಿ ಬಿರಿಯುವುದು ಹೆಚ್ಚಾಗುತ್ತದೆ, ಹದವಾದ ಬಿಸಿಯೇ ಸಾಕು.

ಅಳವಡಿಕೆಯ ಗುಣವೇ ಯಂತ್ರದ ಅರ್ಧ ಗುಣ. ಟ್ಯೂಬುಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ನಮ್ಮ ಊರು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿದೆ. ಡಿಸೆಂಬರ್ ಕೊನೆಯ ವಾರಗಳಲ್ಲಿ ನಡುಹಗಲಿನ ಸೂರ್ಯನೂ ಸುಮಾರು 53 ಡಿಗ್ರಿಗಿಂತ ಹೆಚ್ಚು ಎತ್ತರಕ್ಕೆ ಏರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಬಿಸಿಲು ಬೀಳುವ ಜಾಗಕ್ಕೆ ಚಳಿಗಾಲದಲ್ಲಿ ದಕ್ಷಿಣದ ಮನೆಯ ಅಥವಾ ತೆಂಗಿನ ಮರದ ನೆರಳು ಬರಬಹುದು. ಜಾಗ ಗೊತ್ತುಮಾಡುವುದನ್ನು ಸಾಧ್ಯವಾದರೆ ಡಿಸೆಂಬರ್‌ನಲ್ಲೇ ಮಾಡಿ. ಬಿಸಿನೀರಿನ ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿಸದಿದ್ದರೆ ಬಚ್ಚಲಿಗೆ ಬಿಸಿ ಬರುವವರೆಗೆ ಬಕೆಟ್ಟುಗಟ್ಟಲೆ ನೀರು ಹರಿದುಹೋಗುತ್ತದೆ. ನಮ್ಮಲ್ಲಿ ಆ ನೀರನ್ನು ಹಿಡಿದು ಬಟ್ಟೆಗೆ ಬಳಸುತ್ತೇವೆ. ಮಿಕ್ಸರ್ ನಲ್ಲಿಗಳಿರುವ ಮನೆಯವರು ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗದಂತೆ ನಾನ್‌ ರಿಟರ್ನ್ ವಾಲ್ವ್ ಹಾಕಿಸಬೇಕು, ಇಲ್ಲವಾದರೆ ನೀರು ಕಾಯುತ್ತಿಲ್ಲವೆಂದು ಹೀಟರನ್ನೇ ದೂರುವಂತಾಗುತ್ತದೆ.

ನಮ್ಮ ದೊಡ್ಡ ಅಸಮಾಧಾನ ಗಡಸು ನೀರಿನದು. ಬೋರ್‌ವೆಲ್ ನೀರಿನ ಸುಣ್ಣ ಟ್ಯೂಬಿನ ತಳದಲ್ಲೂ ಕಾಯಿಲ್‌ನ ಮೇಲೂ ಗಟ್ಟಿಯಾಗಿ ಕೂರುತ್ತದೆ, ಬರಬರುತ್ತ ನೀರು ಕಾಯುವುದು ತಡವಾಗುತ್ತದೆ. ತೆಳುವಾದ ತಾಮ್ರದ ಕೊಳವೆಗಳಿರುವ ಫ್ಲಾಟ್ ಪ್ಲೇಟ್ ಮಾದರಿಗಿಂತ ಅಗಲವಾದ ಗಾಜಿನ ಟ್ಯೂಬುಗಳನ್ನು ಬಿಚ್ಚಿ ತೊಳೆಯುವುದು ಸುಲಭ ಎಂಬುದು ನಿಜ, ಆದರೂ ವರ್ಷಕ್ಕೊಮ್ಮೆ ಆ ಕೆಲಸ ಆಗಲೇಬೇಕು. ನಾವು ಕೊಂಡ ಸಂಸ್ಥೆಯವರು ಮೊದಲ ವರ್ಷ ಕರೆದ ಕೂಡಲೇ ಬಂದರು, ವಾರಂಟಿಯ ಅವಧಿ ಕಳೆದ ಮೇಲೆ ವಾರಗಟ್ಟಲೆ ಕಾಯಿಸಿದರು. ಈಗ ನಮ್ಮ ಪರಿಚಯದ ಪ್ಲಂಬರೇ ಮಾಡಿಕೊಡುತ್ತಾರೆ. ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸಬೇಕು, ಏಕೆಂದರೆ ಖಾಲಿಯಾಗಿ ಕಾದ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ. ಟ್ಯೂಬಿನ ತುದಿಯ ಬೆಳ್ಳಿ ಬಣ್ಣದ ಲೇಪ ಬಿಳಿಚಿಕೊಂಡಿದ್ದರೆ ಒಳಗಿನ ನಿರ್ವಾತ ಹೋಗಿದೆಯೆಂದೇ ಅರ್ಥ, ಅದನ್ನು ಬದಲಾಯಿಸಬೇಕು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ, ಒಳಗಿನ ಮೆಗ್ನೀಸಿಯಂ ಆನೋಡ್ ರಾಡ್ ಪೂರ್ತಿ ಸವೆದಿದೆಯೇ ಎಂದು ಅದೇ ಹೊತ್ತಿಗೆ ನೋಡಿಸಿ.

ಬೆಸ್ಕಾಂ ಬಿಲ್ಲಿನಲ್ಲಿ ಸೋಲಾರ್ ಹೀಟರ್ ಇರುವ ಮನೆಗೆ ನಾವು ಹಾಕಿಸಿದ ಕಾಲದಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಇತ್ತು. ಅದನ್ನು ನೋಡಿ ಕೊಳ್ಳುವ ತೀರ್ಮಾನ ಮಾಡಬೇಕಾಗಿಲ್ಲ. ಮಕ್ಕಳೂ ಸೇರಿ ನಾಲ್ವರಿರುವ, ಸ್ವಂತ ತಾರಸಿ ಇರುವ ಮನೆಗೆ 200 ಲೀಟರಿನದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. 100 ಲೀಟರಿನದು ಅಂಥ ಮನೆಗೆ ಚಳಿಗಾಲದಲ್ಲಿ ಸಾಲದು. ಮೂರು ನಾಲ್ಕು ಅಂತಸ್ತಿನ ಕಟ್ಟಡದ ಕೆಳಮನೆಯವರಾದರೆ ಪೈಪಿನ ದೂರವನ್ನು ಮೊದಲು ಅಳೆಸಿ, ಆಮೇಲೆ ಮುಂಗಡ ಕೊಡಿ.