ಮುಚ್ಚಳದೊಳಗೆ ‘25 ವರ್ಷ’ ಅಂತಿದ್ದರೆ ಅದು ಗಟ್ಟಿ ಚಿನ್ನ ಅಲ್ಲ

ಹೋದ ವರ್ಷ ಪೆನ್ಸಿಲ್ವೇನಿಯಾದ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಎಲ್ಜಿನ್ ಅನ್ನೋ ಹಳೇ ಅಮೆರಿಕನ್ ಕಂಪನಿಯ ಜೇಬುಗಡಿಯಾರ ಕೊಂಡೆ. ಮುಂದೆಯೂ ಮುಚ್ಚಳ ಇರುವ ಹಂಟರ್ ಕೇಸ್, ಮೇಲೆಲ್ಲ ಬಳ್ಳಿ ಕೆತ್ತನೆ. ಹಿಂಬದಿ ಮುಚ್ಚಳದೊಳಗೆ ‘14 ಕೆ’ (ಅಂದರೆ 14 ಕ್ಯಾರೆಟ್), ಅದರ ಕೆಳಗೆ ‘ವಾರಂಟೆಡ್ 25 ಇಯರ್ಸ್’ ಅಂತ ಮುದ್ರೆ. "ನೋಡಿ, ಇಪ್ಪತ್ತೈದು ವರ್ಷ ಗ್ಯಾರಂಟಿ ಇದ್ದ ಚಿನ್ನ" ಅಂದ ಮಾರುವವ. 1,400 ಡಾಲರ್ ನಗದು ಎಣಿಸಿ ಕೊಟ್ಟೆ. ರಸೀದಿ ಕೇಳಲಿಲ್ಲ.

ಗಟ್ಟಿ ಚಿನ್ನಕ್ಕೆ ಯಾರಾದರೂ ವರ್ಷದ ಲೆಕ್ಕದಲ್ಲಿ ಗ್ಯಾರಂಟಿ ಕೊಡುತ್ತಾರಾ? ನಮ್ಮಜ್ಜಿಯ ಅವಲಕ್ಕಿ ಸರಕ್ಕೆ ಯಾವ ಅಕ್ಕಸಾಲಿಗನೂ ಹಾಗೆ ಬರೆದುಕೊಟ್ಟಿರಲಿಲ್ಲ. ಆಗ ಹೊಳೆಯಲಿಲ್ಲ, ಅಷ್ಟೇ.

ಆಮೇಲೆ ಗಡಿಯಾರ ರಿಪೇರಿಯವರ ಹತ್ತಿರ ಒಯ್ದೆ. ಅವರು ಭೂತಗನ್ನಡಿ ಹಿಡಿದು ಕೀ ಕೊಡುವ ತಿರುಪಿನ ಹಲ್ಲು, ಸರಪಳಿ ಸಿಕ್ಕಿಸುವ ಬಳೆ, ಮುಚ್ಚಳದ ಕೀಲಿನ ಅಂಚು ತೋರಿಸಿದರು. ಮೂರು ಕಡೆಯೂ ಹಿತ್ತಾಳೆ ಇಣುಕುತ್ತಿತ್ತು. ಇದು ‘ಗೋಲ್ಡ್ ಫಿಲ್ಡ್’: ನಡುವೆ ಹಿತ್ತಾಳೆ ತಗಡು, ಎರಡೂ ಕಡೆ ತೆಳು ಚಿನ್ನದ ಹಾಳೆ. 20, 25 ವರ್ಷ ಅಂದರೆ ಆ ಹಾಳೆ ಸವೆಯದೆ ಅಷ್ಟು ಕಾಲ ಬಾಳುತ್ತದೆ ಅಂತ ಆಗಿನ ಕಂಪನಿಯ ಭರವಸೆ. 14 ಕೆ ಅನ್ನೋದೂ ಸುಳ್ಳಲ್ಲ, ಮೇಲಿನ ಹಾಳೆ ಮಟ್ಟಿಗೆ ನಿಜ! ನನಗೆ ಜಾಸ್ತಿ ಉರಿದದ್ದು ಇದಕ್ಕೇ.

ಒಳಗಿನ ಯಂತ್ರ ಬಿಚ್ಚಿದಾಗ ಕೇಸಿನ ಒಳ ಅಂಚಿನಲ್ಲಿ, ಯಂತ್ರವನ್ನು ಹಿಡಿದಿಡುವ ಸ್ಕ್ರೂ ಒತ್ತಿದ ಗುರುತು ಬೇರೆ ಜಾಗದಲ್ಲೂ ಇತ್ತು. ಅಂದರೆ ಈ ಕೇಸಿನಲ್ಲಿ ಮೊದಲು ಇನ್ನೊಂದು ಯಂತ್ರ ಇತ್ತು. ಆ ಕಾಲದಲ್ಲಿ ಎಲ್ಜಿನ್, ವಾಲ್ತಮ್‌ನಂಥ ಅಮೆರಿಕದ ಗಡಿಯಾರ ಕಂಪನಿಯವರು ಹೆಚ್ಚಾಗಿ ಯಂತ್ರವನ್ನಷ್ಟೇ ಮಾರುತ್ತಿದ್ದರು. ಗಿರಾಕಿ ಅಂಗಡಿಯಲ್ಲಿ ಕೇಸು ಬೇರೆ ಆರಿಸಿಕೊಳ್ಳುತ್ತಿದ್ದ. ಹಾಗಾಗಿ ಯಂತ್ರದ ನಂಬರು, ಕೇಸಿನ ನಂಬರು ಬೇರೆ ಬೇರೆ ಇದ್ದರೆ ಗಾಬರಿ ಬೇಡ, ನಾನು ಸುಮ್ನೆ ಒಂದು ರಾತ್ರಿ ನಿದ್ದೆಗೆಟ್ಟೆ. ಎರಡನೇ ಜೊತೆ ಸ್ಕ್ರೂ ಗುರುತು ಕಂಡರೆ ಮಾತ್ರ ಕೇಳಲೇಬೇಕು. ಚಿನ್ನದ ರೇಟು ಏರಿದಾಗ ಎಷ್ಟೋ ಜನ ಗಟ್ಟಿ ಚಿನ್ನದ ಕೇಸು ಕರಗಿಸುತ್ತಾರೆ. ಉಳಿದ ಯಂತ್ರ ಅಳತೆಗೆ ಹೊಂದುವ ಯಾವುದೋ ಕೇಸು ಸೇರುತ್ತದೆ.

ಮುಂದಿನ ಭಾನುವಾರ ಮತ್ತೆ ಆ ಸಂತೆಗೆ ಹೋದೆ. ಆ ಮೇಜಿನ ಮೇಲೆ ಬೇರೆ ಯಾರೋ ಗಾಜಿನ ದೀಪ ಮಾರುತ್ತಿದ್ದರು.

ನೀವು ಕೊಳ್ಳುವುದಾದರೆ ಹಿಂಬದಿ ಮುಚ್ಚಳ ನಿಮ್ಮೆದುರೇ ತೆರೆಸಿ. ವರ್ಷದ ಲೆಕ್ಕ ಕಂಡರೆ ಚಿನ್ನದ ಬೆಲೆ ಕೊಡಬೇಡಿ. ಗಟ್ಟಿ ಚಿನ್ನ ಅಂದವರ ಕೈಯಲ್ಲಿ ಆ ಮಾತನ್ನೇ ರಸೀದಿಯಲ್ಲಿ ಬರೆಸಿ. ಬರೆಯೋಕೆ ಹಿಂದೆ ಮುಂದೆ ನೋಡಿದರೆ ಗೊತ್ತಾಯ್ತಲ್ವಾ?

ನನ್ನದಕ್ಕೆ ರಿಪೇರಿಯವರು ಕಟ್ಟಿದ ಬೆಲೆ 250 ಡಾಲರ್. ಅದೂ ಯಂತ್ರ ಚೆನ್ನಾಗಿದೆ ಅಂತ.