ಸಿನಿಮಾ ಮಾಡುವವರು ಓದಲೇಬೇಕಾದ ‘ಸೂಪರ್‌ಟಾಯ್ಸ್’

ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಇಂಗ್ಲಿಷ್ ವೈಜ್ಞಾನಿಕ ಕಥೆಗಾರ ಬ್ರಯನ್ ಆಲ್ಡಿಸ್ ಅವರ ‘ಸೂಪರ್‌ಟಾಯ್ಸ್’ ಕಥಾಸಂಕಲನ ಸಿಕ್ಕಿತು. ಹಾಳೆ ಹಳದಿಯಾಗಿದೆ, ಬೈಂಡಿಂಗ್ ಸಡಿಲ, ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸ್ಪೀಲ್‌ಬರ್ಗ್ 2001ರಲ್ಲಿ ತೆಗೆದ ‘ಎ.ಐ.’ ಸಿನಿಮಾ ಇದೆ ಅಲ್ವಾ, ಅದರ ಮೂಲ ಕಥೆ ಇದರಲ್ಲಿದೆ. 1969ರ ಕಥೆ, ಕೆಲವೇ ಪುಟ. ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಹತ್ತಿ ವಿಜಯನಗರ ಬರುವಷ್ಟರಲ್ಲಿ ಎರಡು ಸಲ ಓದಿದೆ.

ಡೇವಿಡ್ ಅನ್ನುವ ಪುಟ್ಟ ಹುಡುಗ ಅಮ್ಮನಿಗೆ ಕಾಗದ ಬರೆಯುತ್ತಾನೆ, ಮತ್ತೆ ಬರೆಯುತ್ತಾನೆ, ಒಂದೂ ಪೂರ್ತಿಯಾಗುವುದಿಲ್ಲ. ಅಮ್ಮನಿಗೋ ಅವನ ಮೇಲೆ ಅಕ್ಕರೆಯೇ ಹುಟ್ಟುತ್ತಿಲ್ಲ. ಯಾಕೆ ಅಂತ ನಾವು ತಲೆ ಕೆಡಿಸಿಕೊಂಡು ಓದುತ್ತಾ ಹೋದರೆ, ಅವನು ಯಂತ್ರ ಅನ್ನುವುದು ಕೊನೆಗೆ ಬಂದಾಗಲೇ ಬಾಯಿಬಿಟ್ಟು ಹೇಳುವುದು. ನನಗೆ ಗಂಟಲು ಕಟ್ಟಿತು.

ಸಿನಿಮಾ ಈ ಗುಟ್ಟನ್ನು ಮೊದಲೇ ಬಿಟ್ಟುಕೊಡುತ್ತದೆ. ಯಂತ್ರದ ಹುಡುಗನಲ್ಲಿ ಪ್ರೀತಿ ಹುಟ್ಟಿಸುವ ಗುಪ್ತ ಸಂಕೇತದಂಥ ಏಳು ಪದಗಳನ್ನು ತಾಯಿ ಓದುತ್ತಾಳೆ, ಅಲ್ಲಿಂದ ಅವನು ಅವಳನ್ನು ಅಮ್ಮ ಅಂತ ಕರೆಯುತ್ತಾನೆ. ಹೀಗಾಗಿ ಹುಡುಗ ಯಾರು ಅನ್ನುವ ಪ್ರಶ್ನೆ ಹೋಗಿ, ಇಷ್ಟು ಪ್ರೀತಿಸುವವನಿಗೆ ಅಮ್ಮ ಏನು ಮಾಡುತ್ತಾಳೆ ಅನ್ನುವ ಪ್ರಶ್ನೆ ಬಂತು. ಕಾಡಿನಲ್ಲಿ ಬಿಟ್ಟುಹೋಗುವ ಆ ದೃಶ್ಯ ಕಥೆಯಲ್ಲಿ ಇಲ್ಲವೇ ಇಲ್ಲ. ಪಾತ್ರ ಮಾಡಿದ ಹುಡುಗ ಹೇಲಿ ಜೋಯಲ್ ಆಸ್ಮೆಂಟ್ ಕಣ್ಣು ಮಿಟುಕಿಸದೆ ನಟಿಸಿದ್ದಾನೆ, ಯಂತ್ರ ಅಂತ ತೋರಿಸಲು ಅಷ್ಟು ಸಾಕಾಯಿತು.

ನಾನೂ ಗೆಳೆಯರೂ ಎಐ ಬಗ್ಗೆ ಒಂದು ಸಣ್ಣ ಕಥೆಯನ್ನು ಕಿರುಚಿತ್ರ ಮಾಡಲು ಹೊರಟು, ಕಥೆಯ ಸಾಲುಗಳನ್ನೆಲ್ಲ ಹಿನ್ನೆಲೆ ದನಿಯಲ್ಲಿ ಓದಿಸಿದ್ದೆವು. ಸ್ಕ್ರಿಪ್ಟ್ ಉಸಿರಾಡುತ್ತಲೇ ಇರಲಿಲ್ಲ. ನೋಡುವವರಿಗೆ ಏನು ಯಾವಾಗ ಗೊತ್ತಾಗಬೇಕು ಅನ್ನುವುದನ್ನು ನಾವು ಯೋಚಿಸಿಯೇ ಇರಲಿಲ್ಲ ಅಂತ ಈ ಪುಸ್ತಕ ಓದಿದ ಮೇಲೆ ಗೊತ್ತಾಯಿತು. ಮೊದಲ ದೃಶ್ಯವನ್ನು ಪೂರ್ತಿ ಹೊಸದಾಗಿ ಬರೆಯುತ್ತಿದ್ದೇವೆ.

ಮುನ್ನುಡಿಯೂ ಚೆನ್ನಾಗಿದೆ. ಸಿನಿಮಾ ಮಾಡಲು ಕಥೆಯನ್ನು ಮೊದಲು ಕೊಂಡಿದ್ದವರು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್. ಅವರಿಗೆ ಮರದ ಗೊಂಬೆ ನಿಜವಾದ ಹುಡುಗನಾಗುವ ಪಿನೋಕಿಯೋ ಕಥೆಯ ಥರ ಮಾಡಬೇಕು ಅಂತ ಹಟ, ಆಲ್ಡಿಸ್‌ಗೆ ಅದು ಸುತರಾಂ ಇಷ್ಟವಿಲ್ಲ. ವರ್ಷಗಟ್ಟಲೆ ಎಳೆದಾಡಿ ಸಿನಿಮಾ ಆಗಲಿಲ್ಲ, 1999ರಲ್ಲಿ ಕುಬ್ರಿಕ್ ತೀರಿಕೊಂಡರು. ಆಲ್ಡಿಸ್ ಆಮೇಲೆ ಬರೆದ ಡೇವಿಡ್‌ನ ಇನ್ನೆರಡು ಕಥೆಗಳೂ ಇದರಲ್ಲಿವೆ, ಮೊದಲನೆಯದರ ಹತ್ತಿರಕ್ಕೂ ಬರುವುದಿಲ್ಲ. ಕೊಂಡರೆ ಒಂದು ಮಾತು: ಸಿನಿಮಾ ನೋಡಿಲ್ಲದವರು ಮುನ್ನುಡಿ ಬಿಟ್ಟು ಸೀದಾ ಕಥೆಗೆ ಹೋಗಿ.