ಪೋಸ್ಟ್‌ಗ್ರೆಸ್ಸೋ ಮೈಎಸ್‌ಕ್ಯೂಎಲ್ಲೋ: ಕನೆಕ್ಷನ್ ಕೈಕೊಟ್ಟಾಗ ಯಾವುದು ವಾಸಿ?

ಪುಣೆಯ ಹಿಂಜವಡಿಯಲ್ಲಿ ನನ್ನ ರೂಮಿನ ಪಕ್ಕದ ಧಾರವಾಡದ ಹುಡುಗ ಊಟದ ಡಬ್ಬಿ ಆರ್ಡರ್ ತಗೊಳ್ಳುವ ಚಿಕ್ಕ ಆ್ಯಪ್ ಮಾಡುತ್ತಿದ್ದಾನೆ. "ಅಣ್ಣಾ, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡು ಡೇಟಾಬೇಸ್‌ಗಳಲ್ಲಿ ಯಾವುದು ತಗೊಳ್ಳಲಿ?" ಅಂದ. ಅವನಿಗೆ ಹೇಳಿದ್ದು ಇದು.

ಮೈಎಸ್‌ಕ್ಯೂಎಲ್ ಒಂದು ಕನೆಕ್ಷನ್‌ಗೆ ಒಂದು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗಿನ ಹಗುರ ಎಳೆ) ಕೊಡುತ್ತದೆ, ಒಂದೇ ಸಲಕ್ಕೆ ಮಾಮೂಲಿ ಮಿತಿ 151 ಕನೆಕ್ಷನ್. ಪೋಸ್ಟ್‌ಗ್ರೆಸ್‌ನಲ್ಲಿ ಮಿತಿ 100, ಆದರೆ ಪ್ರತಿ ಕನೆಕ್ಷನ್‌ಗೂ ಒಂದು ಪೂರ್ತಿ ಪ್ರೊಸೆಸ್ಸೇ (ಬೇರೆಯಾಗಿ ಓಡುವ ಪ್ರೋಗ್ರಾಂ) ಶುರುವಾಗುತ್ತದೆ, ಹಾಗಾಗಿ ಮೆಮೊರಿ ಜಾಸ್ತಿ ತಿನ್ನುತ್ತದೆ, ಬಳಸುವವರು ಹೆಚ್ಚಾದರೆ ಅದರ ಮುಂದೆ, ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಇಡುವುದು ಒಳ್ಳೆಯದು. ಮಿತಿ ತುಂಬಿತು ಅಂತ ಸುಮ್ನೆ ಸಂಖ್ಯೆ ಏರಿಸಬೇಡಿ. ಎಷ್ಟೋ ಸಲ ತಪ್ಪು ನಮ್ಮ ಕೋಡ್‌ನಲ್ಲೇ ಇರುತ್ತದೆ, ಅಲ್ವಾ? ಒಂದು ರಾತ್ರಿ ಪೋಸ್ಟ್‌ಗ್ರೆಸ್‌ನ ಕನೆಕ್ಷನ್ ಪಟ್ಟಿ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ತೆರೆದು ನೋಡಿದರೆ ಸಾಲು ಸಾಲಾಗಿ 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದರೆ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಕೆಲಸಗಳ ಗುಂಪು) ತೆರೆದಿಟ್ಟು ಸುಮ್ನೆ ಕೂತ ಕನೆಕ್ಷನ್‌ಗಳು. ಅದನ್ನು ಶುರುಮಾಡುವ ಬಿಗಿನ್ ಹಾಕಿ, ಮುಗಿಸುವ ಕಮಿಟ್ ಮರೆತಿದ್ದೆವು. ಇಷ್ಟು ನೇರವಾಗಿ ತೋರಿಸುತ್ತದಲ್ಲ, ಅದು ನನಗೆ ತುಂಬಾ ಇಷ್ಟ. ಮೈಎಸ್‌ಕ್ಯೂಎಲ್‌ನ ಶೋ ಪ್ರೊಸೆಸ್‌ಲಿಸ್ಟ್‌ನಲ್ಲಿ ಅಂಥದೇ ಕನೆಕ್ಷನ್ ಬರೀ 'ಸ್ಲೀಪ್' ಅಂತ ಕಾಣುತ್ತದೆ, ಒಳಗೆ ಟ್ರಾನ್ಸಾಕ್ಷನ್ ತೆರೆದಿದೆಯೋ ಅಂತ ತಿಳಿಯಲು ಇನ್ನೊಡಿಬಿ_ಟಿಆರ್‌ಎಕ್ಸ್ ಟೇಬಲ್ಲನ್ನು ಬೇರೆಯಾಗಿ ನೋಡಬೇಕು.

ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ನಿಧಾನವಾದರೆ, ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಎರಡರಲ್ಲೂ ಇದೆ. ಮೈಎಸ್‌ಕ್ಯೂಎಲ್‌ಗೆ ಅದು 8.0.18 ಆವೃತ್ತಿಯಲ್ಲಿ ಬಂತು. ಹುಷಾರು, ಅದು ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಮೇಲೆ ಹಾಕಿದರೆ ಸಾಲುಗಳು ಹೋದ ಹಾಗೇ.

ಹೆಸರು ಹುಡುಕುವಾಗ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಮೈಎಸ್‌ಕ್ಯೂಎಲ್‌ಗೆ ಮಾಮೂಲಿಯಾಗಿ ಒಂದೇ, ಪೋಸ್ಟ್‌ಗ್ರೆಸ್‌ಗೆ ಬೇರೆ ಬೇರೆ.

ವರ್ಡ್‌ಪ್ರೆಸ್ ಸೈಟ್ ಇದ್ದರೆ ಯೋಚನೆ ಬೇಡ, ಮೈಎಸ್‌ಕ್ಯೂಎಲ್. ಹುಡುಗನಿಗೆ ಮಾತ್ರ ಪೋಸ್ಟ್‌ಗ್ರೆಸ್ ತಗೋ ಅಂದೆ, ಕನೆಕ್ಷನ್ ಪೂಲ್ (ಆ್ಯಪ್ ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳ ಗುಂಪು) ಹತ್ತಕ್ಕೇ ಇಟ್ಟು ಶುರು ಮಾಡು ಅಂತಲೂ ಹೇಳಿದೆ.